ಅಪ್‌ಡೇಟ್: ಕೊನೆಗೂ ಮುರೆಲ್ ಮೀನು ಸಿಕ್ಕಿತು

ಬ್ರಹ್ಮಾವರದ ನಮ್ಮ ಕೆರೆಯಲ್ಲಿ ಸ್ಪಿನ್ನರ್ (ತಿರುಗುವ ತಗಡಿನ ಗಾಳ) ಎಸೆದರೆ ಬರೀ ಪಾಚಿ ಬರುತ್ತದೆ, ಮುರೆಲ್‌ಗೆ (ಹಾವಿನಂಥ ತಲೆಯ ಸಿಹಿನೀರಿನ ಮೀನು) ಯಾವ ಲೂರ್, ಅಂದರೆ ನಕಲಿ ಎರೆ, ಸರಿ ಅಂತ ಮಳೆ ನಿಂತಾಗ ಕೇಳಿದ್ದೆ. ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಅಂದಿರಿ. ಸರಿಯಾಯಿತು. ಅದರ ಎರಡೂ ಗಾಳದ ಮೊನೆ ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುತ್ತವೆ, ತಾವರೆ ಎಲೆ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ.

ಮೀನು ಕಪ್ಪೆಗೆ ಬಾಯಿ ಹಾಕಿದ ಮೊದಲ ಮೂರು ಹೊಡೆತ ಮಾತ್ರ ನನ್ನ ಅವಸರಕ್ಕೆ ಹೋದವು. ನೀರು ಚಿಮ್ಮಿದ ತಕ್ಷಣ ಎಳೆದುಬಿಟ್ಟೆ! ನಾಲ್ಕನೆಯದಕ್ಕೆ ದಾರ ಬಿಗಿಯಾಗುವವರೆಗೆ ಕಾದೆ, ಬಂತು. ಮುರೆಲ್ ಉಸಿರಾಡಲು ಮೇಲೆ ಬರುತ್ತದಲ್ವಾ, ಗುಳ್ಳೆ ಕಂಡ ಜಾಗದಿಂದ ಆಚೆ ಎಸೆದು ಮೆಲ್ಲಗೆ ತಂದಿದ್ದೆ.

ಟೆಕ್ಸಾಸ್ ರಿಗ್ (ಗಾಳದ ಮೊನೆಯನ್ನು ಹುಳದೊಳಗೆ ಅಡಗಿಸಿ ಮುಂದೆ ಸೀಸ ಹಾಕುವ ರೀತಿ) ಕೂಡ ನೋಡಿದೆ; ಅದರ ರಬ್ಬರ್ ಹುಳಕ್ಕೆ 10 ಗ್ರಾಂ ಸೀಸ ಜಾಸ್ತಿ, ಕೆಸರಲ್ಲಿ ಹೂತುಹೋಯಿತು. ಈಗ 3 ಗ್ರಾಂ.

ಅಮ್ಮ ಮೀನು ನೋಡಿ, 'ಬಂಗುಡೆ ಸಿಗಲಿಲ್ವಾ?' ಅಂದರು.