ಕೂತು ನೋಡೋಕೆ ಲಾಯಕ್ಕಾದ ಆಟ ಯಾವುದು? ಕಾರಣ ಸಮೇತ ಹೇಳಿ

ರಿಮೋಟ್_ನನ್ನದೇ ಕೇಳಿದ್ದು:

ಚಿಕ್ಕಂದಿನಿಂದ ಕ್ರಿಕೆಟ್ ಬಿಟ್ಟು ಬೇರೇನೂ ನೋಡಿದವನಲ್ಲ. ಈಗ ಟಿ20 ಸಾಕಾಗಿದೆ. ಸಿಕ್ಸ್ ಬಿದ್ದರೂ ಮೈ ಜುಂ ಅನ್ನುವುದಿಲ್ಲ. ವಾರಕ್ಕೊಂದು ಸಂಜೆ ಬಿಡುವು ಸಿಗುತ್ತದೆ, ಹೊಸದಾಗಿ ಒಂದು ಆಟ ಹಿಡಿಯಬೇಕು. ಆಡೋಕಲ್ಲ, ನೋಡೋಕೆ. ಯಾವುದು, ಯಾಕೆ? "ಎಲ್ಲ ಆಟವೂ ಚೆನ್ನಾಗಿರುತ್ತೆ" ಅನ್ನುವವರು ದಯವಿಟ್ಟು ಬರೆಯಬೇಡಿ. ಜಗಳ ಆಡಿದರೂ ಪರವಾಗಿಲ್ಲ.

ಎರಡನೇ_ಸರ್ವ್:

ಟೆನಿಸ್. ಯೋಚನೆ ಮಾಡೋದೇ ಬೇಡ.

ಆಟಗಾರರಿಗಾಗಿ ಅಲ್ಲ, ಹೊಡೆತಗಳಿಗಾಗಿಯೂ ಅಲ್ಲ. ಅಂಕ ಎಣಿಸುವ ರೀತಿಗಾಗಿ. ಯಾವ ಆಟ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಸೋಲುತ್ತಿರುವವನಿಗೆ ಕೊನೆಯವರೆಗೂ ದಾರಿ ಇರುತ್ತದಾ? ಫುಟ್ಬಾಲ್‌ನಲ್ಲಿ 85ನೇ ನಿಮಿಷಕ್ಕೆ 3-0 ಅಂದರೆ ಜನ ಎದ್ದು ಹೊರಡುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೊನೆಯ ಕ್ವಾರ್ಟರ್‌ಗೆ 30 ಪಾಯಿಂಟ್ ಅಂತರವಾದರೆ ಎರಡೂ ಕಡೆ ಬೆಂಚಿನವರು ಆಡುತ್ತಿರುತ್ತಾರೆ. ಟೆನಿಸ್‌ನಲ್ಲಿ ಗಡಿಯಾರದ ಲೆಕ್ಕವೇ ಇಲ್ಲ. ನಾಲ್ಕು ಪಾಯಿಂಟಿಗೆ (15, 30, 40, ಆಮೇಲೆ ಗೇಮ್) ಒಂದು ಗೇಮ್, ಆರು ಗೇಮಿಗೆ ಒಂದು ಸೆಟ್, ಎರಡಕ್ಕೂ ಎರಡರ ಅಂತರ ಬೇಕು; ಗಂಡಸರ ದೊಡ್ಡ ಟೂರ್ನಿಗಳಲ್ಲಿ ಮೂರು ಸೆಟ್ ಗೆದ್ದವನಿಗೆ ಮ್ಯಾಚ್. ಎರಡು ಸೆಟ್ ಮುಂದಿರಲಿ, ಮೂರನೆಯದರಲ್ಲಿ 5-0 ಇರಲಿ, ಕೊನೆಯ ಪಾಯಿಂಟನ್ನು ಗೆದ್ದೇ ತೀರಬೇಕು. ಟೈಮ್ ಕಳೆದು ಗೆಲ್ಲೋಕೆ ಆಗಲ್ಲ.

2019ರ ವಿಂಬಲ್ಡನ್ ಫೈನಲ್ ನೋಡಿ, ಫೆಡರರ್ ಎದುರು ಜೊಕೊವಿಚ್. ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಕೈಯಲ್ಲಿ ಎರಡು ಮ್ಯಾಚ್ ಪಾಯಿಂಟ್, ಅಂದರೆ ಎರಡರಲ್ಲಿ ಒಂದು ಗೆದ್ದರೆ ಕಪ್. ಮೊದಲನೆಯದರಲ್ಲಿ ಫೋರ್‌ಹ್ಯಾಂಡ್ ಹೊರಗೆ ಹೋಯಿತು. ಎರಡನೆಯದಕ್ಕೆ ನೆಟ್‌ಗೆ ಬಂದರು, ಜೊಕೊವಿಚ್ ಓರೆಯಾಗಿ ಹೊಡೆದ ಚೆಂಡು ಪಕ್ಕದಲ್ಲೇ ದಾಟಿಹೋಯಿತು. 12-12 ಆಗಿ ಟೈಬ್ರೇಕ್ (ಗೇಮ್ ಸಮವಾದಾಗ ಸೆಟ್ ತೀರ್ಮಾನಿಸುವ ಪಾಯಿಂಟ್ ಪೈಪೋಟಿ), ಕಪ್ ಜೊಕೊವಿಚ್‌ಗೆ. ಈಗ ಲೆಕ್ಕ ಕೇಳಿ: ಇಡೀ ಮ್ಯಾಚಿನಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಜಾಸ್ತಿ ಗೆದ್ದವರು ಸೋತರು! ಜೊಕೊವಿಚ್ ಗೆದ್ದ ಮೂರೂ ಸೆಟ್ ಟೈಬ್ರೇಕ್‌ನಲ್ಲೇ ಬಂದದ್ದು.

ಅನ್ಯಾಯ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಮಜಾ ಇರುವುದೇ ಇಲ್ಲಿ. 40-0ರಲ್ಲಿ ಕಳೆದುಕೊಂಡ ಪಾಯಿಂಟಿಗೂ 30-40ರಲ್ಲಿ ಕಳೆದುಕೊಂಡ ಪಾಯಿಂಟಿಗೂ ಎಲ್ಲಿಂದೆಲ್ಲಿಯ ಸಮ? 30-40 ಇದ್ದು (ಸರ್ವ್ ಮಾಡುವವನ ಅಂಕ ಮೊದಲು, ಇನ್ನೊಂದು ಹೋದರೆ ಅವನ ಗೇಮೇ ಹೋಯ್ತು) ಮೊದಲ ಸರ್ವ್ ತಪ್ಪಿದಾಗ ಚೆಂಡನ್ನು ನೋಡಬೇಡಿ, ಎದುರಿಗಿರುವವನ ಕಾಲು ನೋಡಿ. ಸುಮ್ನೆ ಒಂದು ಹೆಜ್ಜೆ ಮುಂದೆ ಬರುತ್ತಾನೆ. ಸರ್ವ್ ಮಾಡುವವನಿಗೂ ಅದು ಕಾಣುತ್ತದೆ. ಈಗ ಸ್ಪಿನ್ ಕೊಟ್ಟು ಸುರಕ್ಷಿತವಾಗಿ ಹಾಕಿದರೆ ಅವನು ಬಾರಿಸುತ್ತಾನೆ, ಜೋರಾಗಿ ಹಾಕೋಕೆ ಹೋದರೆ ಡಬಲ್ ಫಾಲ್ಟ್, ಅಂದರೆ ಎರಡನೇ ಸರ್ವೂ ತಪ್ಪಿ ಪಾಯಿಂಟ್ ಹೋಗುವ ಭಯ. ಎರಡನೇ ಸರ್ವ್ ಇನ್ನೂ ಬಿದ್ದಿಲ್ಲ, ಆಟ ಶುರುವಾಗಿಬಿಟ್ಟಿದೆ.

ಇಂಜುರಿ_ಟೈಮ್:

ಫುಟ್ಬಾಲ್‌ಗೆ ಬೈದಿರೋದರಿಂದ ಬರೆಯಲೇಬೇಕಾಯ್ತು. ಗಡಿಯಾರ ಇರೋದೇ ನಮ್ಮ ಆಟದ ಜೀವ ಸ್ವಾಮಿ.

2022ರ ವಿಶ್ವಕಪ್ ಫೈನಲ್. 79 ನಿಮಿಷದವರೆಗೆ ಅರ್ಜೆಂಟೀನಾ 2-0 ಮುಂದೆ, ಫ್ರಾನ್ಸ್ ಮೈದಾನದಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. 80ನೇ ನಿಮಿಷಕ್ಕೆ ಎಂಬಾಪೆ ಪೆನಾಲ್ಟಿ, 81ಕ್ಕೆ ಇನ್ನೊಂದು ಗೋಲು. ಎಕ್ಸ್‌ಟ್ರಾ ಟೈಮ್‌ನಲ್ಲಿ 3-3. ಆಮೇಲೆ 123ನೇ ನಿಮಿಷ. ಫ್ರಾನ್ಸಿನ ಕೋಲೋ ಮುವಾನಿ ಒಬ್ಬನೇ ಗೋಲಿನ ಮುಂದೆ, ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್ ಎಡಗಾಲು ಚಾಚಿ ತಡೆದ. ಟೈಮ್ ಮುಗಿಯುತ್ತಿರದಿದ್ದರೆ ಆ ಕಾಲಿಗೆ ಅಷ್ಟು ಬೆಲೆ ಬರುತ್ತಿತ್ತಾ?

ಇನ್ನೊಂದು, ಗೋಲು ಕಡಿಮೆ ಅಂತ ದೂರುತ್ತಾರಲ್ಲ, ಕಡಿಮೆ ಇರೋದರಿಂದಲೇ ಸಣ್ಣ ತಂಡ ದೊಡ್ಡ ತಂಡವನ್ನು ಕೆಡವಬಹುದು. ಅದೇ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಇದೇ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಮೊದಲಾರ್ಧದಲ್ಲಿ ಅರ್ಜೆಂಟೀನಾ ಹಾಕಿದ ಮೂರು ಗೋಲು ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೇ ಡಿಫೆಂಡರ್‌ಗಳನ್ನು ದಾಟಿ ನಿಂತದ್ದು) ಆಗಿ ಹೋದವು, ಸೌದಿ ಡಿಫೆಂಡರ್‌ಗಳು ಅಷ್ಟು ಮೇಲೆ ಬಂದು ನಿಂತಿದ್ದರು. ನಿಮ್ಮ ಟೆನಿಸ್‌ನಲ್ಲಿ ನೂರನೇ ರ‍್ಯಾಂಕಿನವನು ಗ್ರ್ಯಾಂಡ್ ಸ್ಲಾಮ್‌ನಲ್ಲಿ (ನಾಲ್ಕು ದೊಡ್ಡ ಟೂರ್ನಿಗಳಲ್ಲಿ) ಮೊದಲನೆಯವನ ಹತ್ತಿರ ಮೂರು ಸೆಟ್ ಕಿತ್ತುಕೊಳ್ಳೋದು ಎಷ್ಟು ಸಲ ನೋಡಿದ್ದೀರಿ?

ಎರಡನೇ_ಸರ್ವ್:

ಸಣ್ಣ ತಂಡದ ಮಾತು ಒಪ್ಪಿದೆ. ಆದರೆ ಅದೇ ಗಡಿಯಾರ ಇನ್ನೂ ಏನೇನು ಮಾಡಿಸುತ್ತದೆ ಹೇಳಲೇ ಇಲ್ಲವಲ್ಲ. 1-0 ಮುಂದಿರುವವರು ಕಾರ್ನರ್ ಬಾವುಟದ ಹತ್ತಿರ ಎದುರಾಳಿಗೆ ಬೆನ್ನು ಕೊಟ್ಟು ಚೆಂಡನ್ನು ಅಡಗಿಸಿಕೊಂಡು ನಿಲ್ಲುತ್ತಾರೆ. ಗೋಲ್‌ಕೀಪರ್ ಗೋಲ್ ಕಿಕ್‌ಗೆ ಮುಂಚೆ ಬೂಟಿನ ಲೇಸ್ ಕಟ್ಟಿಕೊಳ್ಳುತ್ತಾನೆ. ಇನ್ನೊಬ್ಬ ಯಾರೂ ಮುಟ್ಟದೆ ಬಿದ್ದು ಹೊರಳಾಡುತ್ತಾನೆ. ಕೊನೆಯ ಹತ್ತು ನಿಮಿಷ ಇದನ್ನು ನೋಡೋಕೆ ತಾಳ್ಮೆ ಬೇಕು.

ಬೋನಸ್_ಗೆರೆ:

ಇಬ್ಬರೂ ಜಗಳ ಆಡ್ತಾ ಇರಿ, ಇಬ್ಬರಿಗೂ ಉತ್ತರ ಕಬಡ್ಡಿಯಲ್ಲಿದೆ. ಗಡಿಯಾರ ಇದೆ, 40 ನಿಮಿಷಕ್ಕೆ ಮುಗಿಯುತ್ತದೆ. ಆದರೆ ಮುಂದಿರುವ ತಂಡ ಸುಮ್ನೆ ಟೈಮ್ ಕಳೆಯುತ್ತಾ ಕೂರೋ ಹಾಗಿಲ್ಲ. ಪ್ರೊ ಕಬಡ್ಡಿ ನಿಯಮದಲ್ಲಿ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರಲಿಲ್ಲ ಅಂದರೆ ರೈಡರ್ ಔಟ್. ಸೋಲುತ್ತಿರುವವರಿಗೂ ದಾರಿ ಇದೆ: ಅಂಗಳದಲ್ಲಿ ಮೂರೇ ಜನ ಉಳಿದಿದ್ದಾಗ ರೈಡರ್‌ನ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ಪೂರ್ತಿ ತಂಡ ಇದ್ದಾಗ ಆರಾಮಾಗಿ ಬರುವ ರೈಡರ್, ಮೂರು ಜನ ಇದ್ದಾಗ ಕಾರ್ನರ್ ಕಡೆ ಕಾಲು ಚಾಚೋಕೆ ಎರಡು ಸಲ ಯೋಚಿಸುತ್ತಾನೆ. ಹಿಮ್ಮಡಿ ಸಿಕ್ಕಿದರೆ ಮುಗೀತು. ಇದೆಲ್ಲ ಮೂವತ್ತು ಸೆಕೆಂಡಿನಲ್ಲಿ.

ಎರಡನೇ_ಸರ್ವ್:

ಸೂಪರ್ ಟ್ಯಾಕಲ್‌ಗೆ ನನ್ನದೂ ಒಂದು ಚಪ್ಪಾಳೆ. ಸೋಲುವವನಿಗೆ ನಿಯಮದಲ್ಲೇ ಇಷ್ಟು ನೇರವಾಗಿ ದಾರಿ ಬಿಟ್ಟಿರುವ ಆಟ ನನಗೆ ಬೇರೆ ತಕ್ಷಣ ನೆನಪಾಗುತ್ತಿಲ್ಲ.

ಐದನೇ_ದಿನ:

ಪ್ರಶ್ನೆ ಕೇಳಿದವರು ಕ್ರಿಕೆಟ್ ಬಿಡೋದೇ ಬೇಡ, ಟಿ20 ಬಿಟ್ಟರೆ ಸಾಕು. ಅದೇ 2019ರಲ್ಲಿ ಹೆಡಿಂಗ್ಲಿ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ 67ಕ್ಕೆ ಆಲೌಟ್ ಆದ ಇಂಗ್ಲೆಂಡ್‌ಗೆ 359 ಬೇಕು. ಒಂಬತ್ತು ವಿಕೆಟ್ ಹೋದಾಗ ಇನ್ನೂ 73 ಬಾಕಿ. ಸ್ಟೋಕ್ಸ್ ಬಾರಿಸಿದರು ಸರಿ, ನಾನು ನೋಡಿದ್ದು ಇನ್ನೊಂದು ತುದಿಯ ಜ್ಯಾಕ್ ಲೀಚ್‌ನ. ಚೆಂಡಿಗೊಮ್ಮೆ ಕನ್ನಡಕ ಒರೆಸಿಕೊಂಡು ನಿಂತ ಆಸಾಮಿ. 17 ಚೆಂಡು, ಒಂದೇ ರನ್, ಔಟಾಗಲಿಲ್ಲ. ಒಂದೇ ರನ್ನಿಗೆ ಜನ ಎದ್ದು ನಿಂತು ಕುಣಿಯುವುದು ಟೆಸ್ಟ್‌ನಲ್ಲಿ ಬಿಟ್ಟರೆ ಇನ್ನೆಲ್ಲಿ?

ರಿಮೋಟ್_ನನ್ನದೇ:

ಟೆಸ್ಟ್‌ಗೆ ಐದು ದಿನ ಎಲ್ಲಿಂದ ತರಲಿ ಸರ್? ಕಬಡ್ಡಿ ಸೀಸನ್ ಬಂದಾಗ ಖಂಡಿತ ನೋಡುತ್ತೇನೆ. ಸದ್ಯಕ್ಕೆ ಟೆನಿಸ್ ಅಂತ ಇಟ್ಟುಕೊಳ್ಳೋಣ. ಆದರೆ ಐದು ಗಂಟೆ ಕೂರೋಕೆ ನನ್ನ ಕೈಲಿ ಆಗಲ್ಲ. ಎಲ್ಲಿಂದ ಶುರು ಮಾಡಲಿ?

ಎರಡನೇ_ಸರ್ವ್:

ಮಹಿಳೆಯರ ಮ್ಯಾಚುಗಳಿಂದ. ಮೂರೇ ಸೆಟ್, ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೊದಲು ಫ್ರೆಂಚ್ ಓಪನ್ ನೋಡಿ, ಮೇ ಕೊನೆಗೆ ಶುರು. ಕೆಂಪು ಮಣ್ಣಿನ ಕೋರ್ಟಿನಲ್ಲಿ ಚೆಂಡು ನಿಧಾನ, ಪುಟಿಯುವುದು ಎತ್ತರ. ರ‍್ಯಾಲಿ (ಚೆಂಡಿನ ಅತ್ತಿತ್ತ ಹೊಡೆದಾಟ) ಉದ್ದ ಆಗುವುದರಿಂದ ಯಾರು ಯಾರನ್ನು ಯಾವ ಮೂಲೆಗೆ ತಳ್ಳುತ್ತಿದ್ದಾರೆ ಅಂತ ಹೊಸಬರಿಗೂ ಕಾಣುತ್ತದೆ. ಹುಲ್ಲಿನ ಕೋರ್ಟ್ ಆಮೇಲೆ ಇರಲಿ, ಅಲ್ಲಿ ಎಷ್ಟೋ ಸಲ ಸರ್ವ್ ಆಗುತ್ತಿದ್ದ ಹಾಗೇ ಪಾಯಿಂಟೇ ಮುಗಿದಿರುತ್ತದೆ. ಮತ್ತೆ, ಐದು ಗಂಟೆ ಅಂತ ಹೆದರಬೇಡಿ. 2022ರಿಂದ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಕೊನೆಯ ಸೆಟ್ 6-6 ಆದರೆ ಹತ್ತು ಪಾಯಿಂಟಿನ ಟೈಬ್ರೇಕ್.

ಇಂಜುರಿ_ಟೈಮ್:

ಅಂದರೆ ನಿಮ್ಮವರೂ ಕೊನೆಗೆ ಪೆನಾಲ್ಟಿ ಶೂಟೌಟ್ ತಂದರು ಅನ್ನಿ!