ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು ಕ್ರೀಡೆ: ಅರ್ಹತೆ ಯಾರ ಕೈಯಲ್ಲಿ?

ಪ್ರಶ್ನೆ: ಮಗಳು ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಪ್ರದೇಶ) ಕಮ್ಯುನಿಟಿ ಕಾಲೇಜೊಂದರಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಟೆನ್ನಿಸ್ ಆಡುತ್ತಾಳೆ. ಸೀಸನ್ ನಡುವೆ ಒಂದು ಕ್ಲಾಸ್ ಬಿಡಬಹುದಾ? ಮುಂದಿನ ವರ್ಷ ಕಾಲೇಜು ಬದಲಿಸಿದರೆ ಆಡಲು ಬಿಡ್ತಾರಾ?

ಉತ್ತರ 1: ಇದು ಕೋಚ್ ತೀರ್ಮಾನಿಸೋ ವಿಷಯವಲ್ಲ ಮೇಡಂ. ಇಡೀ ರಾಜ್ಯಕ್ಕೆ ಸಿಸಿಸಿಎಎ ಸಂಸ್ಥೆಯ (ಈ ಕಾಲೇಜುಗಳ ಕ್ರೀಡೆ ನೋಡಿಕೊಳ್ಳುವ ರಾಜ್ಯಮಟ್ಟದ ಸಂಘ) ಒಂದೇ ನಿಯಮಾವಳಿ. ಸೀಸನ್ ಮುಗಿಯುವ ತನಕ ಕನಿಷ್ಠ 12 ಯೂನಿಟ್ (ಕ್ಲಾಸುಗಳ ಕ್ರೆಡಿಟ್) ಇರಲೇಬೇಕು, ಅದರಲ್ಲಿ 9 ಪದವಿಗೋ, ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೋ, ಇಂಥದ್ದಕ್ಕೆ ಲೆಕ್ಕಕ್ಕೆ ಬರುವಂಥವು. ಸರಿಯಾಗಿ 12 ತಗೊಂಡು 3 ಯೂನಿಟ್ಟಿನ ಕ್ಲಾಸ್ ಬಿಟ್ಟರೆ 9 ಉಳಿಯುತ್ತೆ, ಅರ್ಹತೆ ಹೋಯ್ತು. ಆಮೇಲೂ ಆಡಿಸಿದರೆ ತಂಡ ಗೆದ್ದ ಪಂದ್ಯಗಳನ್ನೇ ಬಿಟ್ಟುಕೊಡಬೇಕಾದೀತು. ಮೊದಲೇ 14–15 ತಗೊಳ್ಳೋದು ಜಾಣತನ.

ಉತ್ತರ 2: ಎರಡನೇ ಸೀಸನ್‌ಗೆ ಬೇರೆ ಲೆಕ್ಕ: ಮೊದಲ ಸೀಸನ್ ಶುರುವಾದಾಗಿನಿಂದ 24 ಯೂನಿಟ್ ಪಾಸಾಗಿ, ಜಿಪಿಎ (ಗ್ರೇಡುಗಳ ಸರಾಸರಿ) ಕನಿಷ್ಠ 2.0 ಇರಬೇಕು. ಈಗಾಗಲೇ ಒಂದು ಕಾಲೇಜಿಗೆ ಆಡಿ ರಾಜ್ಯದೊಳಗೇ ಇನ್ನೊಂದಕ್ಕೆ ಹೋದರೆ, ಹೊಸ ಕಾಲೇಜಿನಲ್ಲೇ 12 ಯೂನಿಟ್ ಮುಗಿಸಬೇಕು. ಬೇಸಿಗೆಯಲ್ಲಿ ಅಷ್ಟನ್ನೂ ತುಂಬಿಸಿಬಿಡೋಣ ಅಂದರೆ ಆಗಲ್ಲ, ಬೇಸಿಗೆಯ 8ಕ್ಕಷ್ಟೇ ಮಾನ್ಯತೆ. ಬಹಳ ಜನ ಎಡವೋದು ಇಲ್ಲೇ. ಅಂದಹಾಗೆ, ಕ್ರೀಡಾ ಸ್ಕಾಲರ್‌ಶಿಪ್ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಈ ಕಾಲೇಜುಗಳಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಉತ್ತರ 3: ಬೇರೆ ರಾಜ್ಯದ ಗೆಳೆಯರ ಸಲಹೆ ಇಲ್ಲಿ ಕೆಲಸಕ್ಕೆ ಬಾರದು, ಅಲ್ಲಿ ಇಂಥ ಹೆಚ್ಚಿನ ಕಾಲೇಜುಗಳು ಎನ್‌ಜೆಸಿಎಎ ಎಂಬ ಬೇರೆ, ರಾಷ್ಟ್ರಮಟ್ಟದ ಸಂಘದ ಅಡಿ ಬರುತ್ತವೆ. ಕ್ಲಾಸ್ ಬಿಡುವ ಬಟನ್ ಒತ್ತುವ ಮುಂಚೆ ಕ್ರೀಡಾ ವಿಭಾಗದ ಕೌನ್ಸೆಲರ್‌ಗೆ ಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಳ್ಳಿ.