ಸಹಾಯ ಬೇಕು: ಆಡಿಯೋ ಫೈಲ್ ಒಮ್ಮೆ ಸರಿ ಓಡುತ್ತೆ, ಒಮ್ಮೆ ನಿಂತು ನಿಂತು ಬರುತ್ತೆ

ಎಲ್ಲರಿಗೂ ನಮಸ್ಕಾರ, ನಾನು ಗಂಗಾವತಿಯವನು. ನಮ್ಮ ತಂದೆ ಊರಿನ ಭಜನೆಯಲ್ಲಿ ಹಾಡುತ್ತಿದ್ದ ತತ್ವಪದಗಳ ಕ್ಯಾಸೆಟ್‌ಗಳನ್ನು ಹೋದ ವರ್ಷ ವೇವ್ ಫೈಲ್ ಮಾಡಿ (ನಿಮಿಷಕ್ಕೆ ಸುಮಾರು 10 ಎಂಬಿ) ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ ಹಾಕಿದ್ದೆ. ಈಗ ಕಂಪ್ಯೂಟರ್‌ನಲ್ಲಿ ಹಾಕಿದರೆ ಮೊದಲ ತತ್ವಪದ ಚೆನ್ನಾಗಿ ಬರುತ್ತದೆ, ಎರಡನೆಯದರಲ್ಲಿ ದನಿ ಕರಕರ ಎಂದು ಒಡೆದು, ಎರಡು ಸೆಕೆಂಡ್ ನಿಂತು, ಏನೂ ಆಗಿಲ್ಲ ಎನ್ನುವಂತೆ ಮುಂದೆ ಹೋಗುತ್ತದೆ. ಅದೇ ಫೈಲ್ ಮತ್ತೆ ಹಾಕಿದರೆ ಪೂರ್ತಿ ಓಡುತ್ತದೆ!

ಪ್ಲೇಯರ್ ಬದಲಿಸಿ ವಿಎಲ್‌ಸಿ ಹಾಕಿದೆ, ಹಾಗೇ. ಸ್ಪೀಕರ್ ತೆಗೆದು ಇಯರ್‌ಫೋನ್ ಹಾಕಿದರೂ ಅದೇ ಗೋಳು. ಫೋನ್‌ಗೆ ಕಾಪಿ ಮಾಡಿ ಕೇಳಿದರೆ ಎಲ್ಲೂ ತಡವರಿಸಲಿಲ್ಲ, ಅಂದರೆ ಫೈಲ್ ಕೆಟ್ಟಿಲ್ಲ ಅಲ್ವಾ? ಸಿ ಡ್ರೈವ್‌ಗೆ (ಕಂಪ್ಯೂಟರ್ ಒಳಗಿನ ಡಿಸ್ಕ್‌ಗೆ) ಹಾಕಿದ ನಾಲ್ಕು ಪದಗಳು ಇದುವರೆಗೆ ಒಮ್ಮೆ ಮಾತ್ರ ನಿಂತಿವೆ, ಅದೂ ಆಂಟಿವೈರಸ್ ಸ್ಕ್ಯಾನ್ ನಡೆಯುತ್ತಿದ್ದಾಗ. ಹಾಗಾಗಿ ನನ್ನ ಅನುಮಾನ ಕೇಬಲ್ ಮೇಲೆ, ಇಲ್ಲವೇ ಡಿಸ್ಕ್ ನಡುವೆ ನಿದ್ದೆ ಹೋಗುತ್ತಿರಬೇಕು. ರಿಪೇರಿ ಅಂಗಡಿಯವರು ಡಿಸ್ಕ್ ಮುಟ್ಟಿಯೂ ನೋಡದೆ ಸುಮ್ನೆ ವಿಂಡೋಸ್ ಹೊಸದಾಗಿ ಹಾಕೋಣ ಎಂದರು, ನನಗೆ ಮನಸ್ಸಾಗಲಿಲ್ಲ.

ವಿಂಡೋಸ್ 10, 4 ಜಿಬಿ ರ್‍ಯಾಮ್. ಮಧ್ಯಾಹ್ನ ತೊಂದರೆ ಜಾಸ್ತಿ, ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕೆಲಸವಿಲ್ಲದಾಗ ಯುಎಸ್‌ಬಿ ಸಾಧನವನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್) ಆಫ್ ಮಾಡಿದರೆ ಸಾಕಾ, ಇಲ್ಲ ಸೌಂಡ್ ಡ್ರೈವರ್ ಕೂಡ ಹೊಸದಾಗಿ ಹಾಕಬೇಕಾ? ಡಿಸ್ಕೇ ಹೋಗುತ್ತಿದೆಯಾ ಎಂದು ತಿಳಿಯುವುದು ಹೇಗೆ? ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿದಿದೆ, ಇನ್ನೊಮ್ಮೆ ಮಾಡಿಕೊಳ್ಳಲು ಆಗಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.